ಸ್ಪ್ರಿಂಗಿಗೊಂದು ಜೀನ್ಸ್

ನಮ್ಮ ಹಳೆಯ ಅಂಬಾಸಿಡರ್ ಕಾರು ಓಣಿಯ ತಿರುವಿಗೆ ಬಂದರೆ ಸಾಕು, ಅದರ ಸದ್ದಿನಿಂದಲೇ ನಾವು ಮನೆಗೆ ಮರಳಿದ್ದು ಎಲ್ಲರಿಗೂ ಗೊತ್ತಾಗುತ್ತಿತ್ತು. ನಾನು ಎಲ್ಲಿಗೆ ಹೋಗಿ ಯಾವಾಗ ಬಂದೆ ಎಂಬುದು ಹತ್ತು ಜನಕ್ಕೆ ತಿಳಿಯುವುದು ನನಗೆ ಸೇರದು. ಅಮ್ಮನಿಗಂತೂ ಆ ಕಿರುಗುಟ್ಟುವ ಸದ್ದೆಂದರೆ ತಲೆನೋವು.

"ಸಿರುಗುಪ್ಪದಾಗ ಅಕ್ಕನ ಮೊಮ್ಮಗನ ತೊಟ್ಲಕ್ಕ ಹೋಗೋದೈತಿ. ದಾರ್‍ಯಾಗ ಕುಯ್ ಅಂತೋ, ನಾ ಇಳದು ಬಸ್ಸಿಗೆ ಹೋಗ್ತೀನಿ. ಮರುದಿನ ಗಾಡಿ ಗುಜರಿಗೆ," ಎಂದಳು.

"ಅದು ಮಾತಾಡಿದ್ರ ನಿನಗೇನು ತ್ರಾಸು? ನೀನೂ ಮಾತಾಡ್ತಿ," ಎಂದರು ಅಪ್ಪ. ಆದರೆ ಅವರ ಮುಖ ಸಣ್ಣದಾಗಿತ್ತು. ನಿವೃತ್ತಿಯ ಬಳಿಕ ಅವರ ಬೆಳಗುಗಳೆಲ್ಲ ಆ ಕಾರಿನ ಸುತ್ತಲೇ ಕಳೆಯುತ್ತಿದ್ದವು.

ಸದ್ದು ಬರುತ್ತಿದ್ದುದು ಹಿಂದಿನ ಎರಡು ಸ್ಪ್ರಿಂಗುಗಳಿಂದ. ಒಂದರ ಕೆಳಗೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು ಒಣಗಿ ಒಂದಕ್ಕೊಂದು ಉಜ್ಜುತ್ತಿದ್ದವು. ಅಪ್ಪ ಆಗಾಗ ಎಂಜಿನ್ನಿನ ಹಳೆ ಎಣ್ಣೆ ಸುರಿಯುತ್ತಿದ್ದರು. ಬಳ್ಳಾರಿಯ ಕೆಂಪು ಧೂಳು ಅದಕ್ಕೆ ಮೆತ್ತಿಕೊಂಡು ಸದ್ದು ಇನ್ನಷ್ಟು ಜೋರಾಗುತ್ತಿತ್ತು. ಎಣ್ಣೆ ಸಾಲಲಿಲ್ಲವೆಂದು ಅವರು ಮತ್ತೂ ಸುರಿಯುತ್ತಿದ್ದರು.

ಒಂದು ಭಾನುವಾರ ಅಪ್ಪ, ನಾನು ಇಬ್ಬರೂ ಸೇರಿ ಕಾರಿನ ಹಿಂಭಾಗವನ್ನು ಜಾಕಿಯಿಂದ ಎತ್ತಿ ಮರದ ದಿಮ್ಮಿಗಳ ಮೇಲೆ ಕೂರಿಸಿದೆವು. ಚಕ್ರಗಳು ಜೋತುಬಿದ್ದು ಪಟ್ಟಿಗಳ ನಡುವೆ ಸಂದು ಬಿಟ್ಟಿತು. ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್ಷಿನಿಂದ ಹೊಲಸು ತಿಕ್ಕಿ, ತೆಳ್ಳನೆಯ ಅಲಗಿನಿಂದ ಗ್ರೀಸು ಒಳಗೆ ತಳ್ಳಿದೆ. ಆದರೆ ಧೂಳು ತಡೆಯುವುದು ಹೇಗೆ? ಹಿಂದೆ ಇಂಥ ಸ್ಪ್ರಿಂಗುಗಳಿಗೆ ಚರ್ಮದ ಚೀಲ ತೊಡಿಸುತ್ತಿದ್ದರೆಂದು ಓದಿದ್ದೆ. ನಮ್ಮ ಓಣಿಯಲ್ಲಿ ಚರ್ಮ ಸಿಗದು. ಆದರೆ ಮನೆಮನೆಯಲ್ಲೂ ಜೀನ್ಸ್ ಹೊಲಿಯುವುದರಿಂದ ಆ ಬಟ್ಟೆಗೇನೂ ಬರವಿಲ್ಲ.

ಎದುರುಮನೆಯಲ್ಲಿ ಪ್ಯಾಂಟು ಹೊಲಿಯುವ ಖಾಲಾ ನನ್ನ ಅಳತೆ ಕೇಳಿ ಮಷೀನು ನಿಲ್ಲಿಸಿದರು. "ಯಾರಿಗಮ್ಮ ಇದು? ಸೊಂಟನ ಇಲ್ಲ!"

"ಕಾರಿಗೆ, ಖಾಲಾ. ಎರಡು ಕಾಲಷ್ಟ ಸಾಕ್ರಿ."

"ಯಾ ಅಲ್ಲಾ! ನಿಮ್ಮಪ್ಪಗ ಒಂದು ಛಲೋ ಪ್ಯಾಂಟಿಲ್ಲ, ಕಾರಿಗೆ ಜೀನ್ಸಾ?" ನಗುತ್ತಲೇ ಜೋಡಿ ಹೊಲಿಗೆ ಹಾಕಿ, ಬಿಗಿಯಲು ಲಾಡಿಯನ್ನೂ ಪೋಣಿಸಿಕೊಟ್ಟರು. ಅಂದೇ ಅವನ್ನು ಎರಡೂ ಸ್ಪ್ರಿಂಗುಗಳಿಗೆ ತೊಡಿಸಿ ಬಿಗಿದೆ.

ತೊಟ್ಟಿಲ ದಿನ ಅಮ್ಮ ಹಿಂದಿನ ಸೀಟಿನಲ್ಲಿ ಕಿವಿ ನಿಮಿರಿಸಿಕೊಂಡು ಕುಳಿತಳು. ಕುರುಗೋಡಿನ ರಸ್ತೆಯುಬ್ಬುಗಳ ಮೇಲೆ ಕಾರು ಏರಿ ಇಳಿಯಿತು. ಅಪ್ಪ ಸ್ಟೀರಿಂಗನ್ನು ಬಿಗಿಹಿಡಿದಿದ್ದರು. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಕಾರಿನಿಂದ ಒಂದು ಸೊಲ್ಲೂ ಇಲ್ಲ.

ಸಿರುಗುಪ್ಪದಲ್ಲಿ ಇಳಿದವಳೇ ಅಮ್ಮ ಸೆರಗು ಸಿಕ್ಕಿಸಿ, ಬಾಗಿ ಕಾರಿನ ಅಡಿ ನೋಡಿದಳು. ಆಮೇಲೆ ಹರಿದ ಸೀಟಿನ ಮೇಲೆ ಕೈಯಾಡಿಸಿದಳು.

"ಖಾಲಾನ ಹಂತೇಕ ಇದ ಬಟ್ಟಿ ಇನ್ನಷ್ಟು ಐತೇನು ಕೇಳು. ಸೀಟಿಗೂ ಹೊಲಸೋಣು."

"ಗುಜರಿಗೆ ಹೋಗೋ ಗಾಡಿಗೆ ಸೀಟ್ ಕವರ್ರಾ?" ಎಂದರು ಅಪ್ಪ.

"ಸುಮ್ನ ಕೀಲಿ ಹಾಕ್ರಿ," ಎಂದು ಅಮ್ಮ ಒಳಗೆ ನಡೆದಳು.