ಹಿಂದಿನ ಸೀಟಿನ ಭಾರ

ಇದನ್ನು ಓದಿ ನಗುವವರು ನಗಲಿ. ಬೇರೆ ಯಾರಾದರೂ ಹೇಳಿದ್ದರೆ ನಾನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಹದಿನಾರು ವರ್ಷಗಳಿಂದ ಅಂಕೋಲಾದಲ್ಲಿ ಹೆದ್ದಾರಿ ಬದಿಗೆ ಬೈಕ್ ಗ್ಯಾರೇಜ್ ಇಟ್ಟುಕೊಂಡವನು ನಾನು. ಕಟಕಟ ಶಬ್ದ ಬಂದರೆ ಚೈನ್ ನೋಡುತ್ತೇನೆ, ಸುಟ್ಟ ವಾಸನೆ ಬಂದರೆ ಕ್ಲಚ್ ಬಿಚ್ಚುತ್ತೇನೆ. ದೆವ್ವ ಹುಡುಕುವ ಚಟ ನನಗಿಲ್ಲ. ಆದರೆ ಇದು ನಡೆದದ್ದು ನನ್ನ ಕಣ್ಣೆದುರಿಗೆ. ಅರ್ಧ ನಡೆಸಿದ್ದೂ ನಾನೇ...

ನನ್ನ ತಮ್ಮ ಮಂಜು ನನಗಿಂತ ಒಂಬತ್ತು ವರ್ಷ ಚಿಕ್ಕವನು. ಕೈಗಾದಲ್ಲಿ ಗುತ್ತಿಗೆ ಕೆಲಸ. ನಾಲ್ಕು ವರ್ಷಗಳ ಹಿಂದೆ ಅವನನ್ನು ಹಿಂದೆ ಕೂರಿಸಿಕೊಂಡು ಹೋಗುವಾಗ ಬೈಕನ್ನು ರಸ್ತೆ ಮಧ್ಯೆ ಮಲಗಿದ್ದ ದನದ ಮೇಲೆ ಹಾಕಿದ್ದೆ. ನನಗೆ ಮೊಣಕೈ ತರಚಿತು, ಅಷ್ಟೆ. ಅವನ ಎಡಗಾಲಿಗೆ ಸ್ಟೀಲಿನ ರಾಡ್ ಹಾಕಬೇಕಾಯಿತು. ಈಗಲೂ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾನೆ. ಒಂದು ದಿನವೂ ಅವನು ನನ್ನನ್ನು ದೂರಲಿಲ್ಲ. ದೂರಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಂಥವನಿಗೆ ಸ್ಪೋರ್ಟ್ಸ್ ಬೈಕಿನ ಹುಚ್ಚು. ನಮ್ಮ ಅಮ್ಮ, ಆಯಿ, ಬೇಡವೇ ಬೇಡ ಎಂದು ಕೂತಿದ್ದಳು. ನಾನು ಮಾತ್ರ, ಓಡಿಸುವುದೇ ಆದರೆ ಪ್ರತಿ ಬೋಲ್ಟನ್ನೂ ನನ್ನ ಕೈಯಿಂದ ಬಿಗಿದ ಗಾಡಿಯನ್ನೇ ಓಡಿಸಲಿ ಎಂದು ನಿರ್ಧರಿಸಿದೆ. ಅವನನ್ನು ಇನ್ನೊಮ್ಮೆ ನಾನು ಬೀಳಿಸಬಾರದು. ತಲೆಯಲ್ಲಿ ಇದ್ದದ್ದು ಅದೊಂದೇ.

ಹುಬ್ಬಳ್ಳಿಯಲ್ಲಿ ಅಪಘಾತವಾದ ಗಾಡಿಗಳ ಹರಾಜಿನಲ್ಲಿ ಒಂದು ನೀಲಿ ಬೈಕ್ ಸಿಕ್ಕಿತು. ಮುಂದಿನ ಭಾಗ ಪೂರ್ತಿ ಹೋಗಿತ್ತು. ಫೋರ್ಕ್ ಬಾಗಿತ್ತು, ರೇಡಿಯೇಟರ್ ಒಡೆದಿತ್ತು, ಹೆಡ್‌ಲೈಟ್ ಇದ್ದ ಜಾಗದಲ್ಲಿ ಬರೀ ವೈರು ನೇತಾಡುತ್ತಿತ್ತು. ಪ್ಲಾಸ್ಟಿಕ್ ಕವಚ ಚೂರುಚೂರು. ವಿಚಿತ್ರ ಅಂದರೆ, ಹಿಂದಿನ ಸೀಟಿಗೆ ಒಂದು ಗೀರು ಕೂಡ ಬಿದ್ದಿರಲಿಲ್ಲ. ಧೂಳೂ ಇರಲಿಲ್ಲ. ಯಾರ್ಡಿನಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ನಿಂತ ಗಾಡಿ ಅದು... ಆಗ ನನಗೆ ಸೀಟು ಒಳ್ಳೆಯದಿದೆ, ಒಂದು ಖರ್ಚು ಉಳಿಯಿತು ಎಂದಷ್ಟೇ ಅನಿಸಿತು.

ಎರಡೂವರೆ ತಿಂಗಳು ಕೆಲಸ ಹಿಡಿಯಿತು. ಎರಡೂ ಚಕ್ರಗಳಿಗೆ ನೂಲು ಎಳೆದು ಚಾಸಿ ನೆಟ್ಟಗಿದೆಯೇ ನೋಡಿದೆ, ನೆಟ್ಟಗಿತ್ತು. ಫೋರ್ಕ್ ಹೊಸದು, ಬ್ರೇಕ್ ಹೊಸದು. ಒಡೆದ ಪ್ಲಾಸ್ಟಿಕ್ಕನ್ನು ಕಾಯಿಸಿ ಬೆಸೆದು, ಉಜ್ಜಿ, ಬಣ್ಣ ಹೊಡೆದೆ. ಮಂಜು ರಜೆ ಇದ್ದಾಗಲೆಲ್ಲ ಬಂದು ಟ್ಯಾಂಕನ್ನು ಒರೆಸುತ್ತ ಕೂರುತ್ತಿದ್ದ. "ಒರೆಸಿ ಒರೆಸಿ ತೂತು ಮಾಡ್ತೆ ಮಾರಾಯಾ" ಎಂದು ಬೈಯುತ್ತಿದ್ದೆ. ಅವನ ಮುಖ ನೋಡಿ ಒಳಗೊಳಗೇ ಖುಷಿಯಾಗುತ್ತಿತ್ತು.

ಎಲ್ಲ ಮುಗಿದ ದಿನ ಸಂಜೆ ನಾನೊಬ್ಬನೇ ಗ್ಯಾರೇಜಿನಲ್ಲಿದ್ದೆ. ಕತ್ತಲಾಗಿತ್ತು. ಶಟರ್ ಎಳೆಯಲು ಬಗ್ಗಿದಾಗ ಬೆನ್ನ ಹಿಂದೆ ಶಬ್ದ ಬಂತು... ಕ್ರೀಂಚ್... ಯಾರೋ ನಿಧಾನಕ್ಕೆ ಗಾಡಿ ಹತ್ತಿ ಕೂತಾಗ ಹಿಂದಿನ ಶಾಕ್ ಅಬ್ಸಾರ್ಬರ್ ಮಾಡುವ ಶಬ್ದ.

ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಬೈಕಿನ ಹಿಂಭಾಗ ಮಾತ್ರ ಎರಡು ಬೆರಳಷ್ಟು ಕೆಳಗೆ ಕುಸಿದಿತ್ತು. ಒಂದು ವಾಸನೆಯೂ ಬಂತು. ಮಳೆಯಲ್ಲಿ ನೆನೆದ ಜರ್ಕಿನ್ನನ್ನು ಮಡಚಿ ಇಟ್ಟರೆ ಬರುತ್ತದಲ್ಲ, ಅದೇ ಮುಗ್ಗು ವಾಸನೆ. ದೀಪಾವಳಿ ಮುಗಿದು ಎರಡು ವಾರವಾಗಿತ್ತು, ಒಂದು ಹನಿ ಮಳೆ ಬಿದ್ದಿರಲಿಲ್ಲ.

ಬೆಳಿಗ್ಗೆ ಬಂದು ನೋಡಿದರೆ ಹಿಂಭಾಗ ಮೊದಲಿನ ಹಾಗೇ ಮೇಲಕ್ಕಿತ್ತು. ಶಾಕ್ ಸೋತಿರಬೇಕು ಎಂದು ಬೇರೆ ಹಾಕಿದೆ. ಆ ಸಂಜೆಯೂ ಕುಸಿಯಿತು. ಹಿಂದಿನ ಚಕ್ರ ಎತ್ತಿ ನಿಲ್ಲಿಸುವ ಸ್ಟ್ಯಾಂಡಿಗೆ ಹಗಲು ಒಂದೇ ಕೈ ಸಾಕಾಗುತ್ತಿತ್ತು. ಕತ್ತಲಾದ ಮೇಲೆ ಎರಡು ಕೈಯ ಜೊತೆ ಮೊಣಕಾಲು ಕೊಟ್ಟರೂ ಏಳಲಿಲ್ಲ.

ಅಂದಾಜಿನ ಕೆಲಸ ನನಗೆ ಆಗುವುದಿಲ್ಲ. ಬೇಲೆಕೇರಿ ಬಂದರಿನ ಐಸ್ ಫ್ಯಾಕ್ಟರಿಯವರು ಪರಿಚಯದವರು. ಮೀನಿನ ಬುಟ್ಟಿ ತೂಗುವ ದೊಡ್ಡ ಕಾಟಾ ಅವರಲ್ಲಿದೆ. ಒಂದು ದಿನ ಸಂಜೆ ನಾಲ್ಕಕ್ಕೆ ಬೈಕನ್ನು ಅಲ್ಲಿಗೆ ತಂದು, ಹಿಂದಿನ ಚಕ್ರವನ್ನು ಕಾಟಾದ ಮೇಲೆ ಇಟ್ಟು, ಮುಂದಿನದಕ್ಕೆ ಹಲಗೆ ಕೊಟ್ಟೆ. ಎಪ್ಪತ್ತೆಂಟು ಕಿಲೋ ತೋರಿಸಿತು. ಸರಿಯಾದ ತೂಕ. ಅಲ್ಲೇ ಬುಟ್ಟಿ ಬೋರಲು ಹಾಕಿಕೊಂಡು ಕೂತೆ.

ಸೂರ್ಯ ಮುಳುಗಿದ. ಫ್ಯಾಕ್ಟರಿಯ ಹುಡುಗರು ಚಹಾಕ್ಕೆ ಹೋದರು. ಕಾಟಾದ ಕೆಂಪು ಅಂಕಿ ಎಪ್ಪತ್ತೆಂಟರಲ್ಲೇ ನಿಂತಿತ್ತು. ನನಗೆ ನನ್ನ ಮೇಲೇ ನಗು ಬರತೊಡಗಿತು.

ಆಗ... ಕ್ರೀಂಚ್...

ಎಂಬತ್ತೈದು. ತೊಂಬತ್ತೊಂಬತ್ತು. ನೂರ ಹದಿನೆಂಟು... ನೂರ ಮೂವತ್ತಕ್ಕೆ ಬಂದು ನಿಂತಿತು. ಐವತ್ತೆರಡು ಕಿಲೋ ಹೆಚ್ಚು. ಒಬ್ಬ ಬಡಕಲು ಮನುಷ್ಯನ ತೂಕ.

ಎದ್ದು ಹೋಗಿ ಹಿಂದಿನ ಸೀಟಿನ ಮೇಲೆ ಕೈ ಇಟ್ಟೆ. ಸೀಟು ಬೆಚ್ಚಗಿತ್ತು. ಹೆದರಿಕೆ ಅಂದರೆ ಏನು ಅಂತ ಅವತ್ತು ನನಗೆ ಗೊತ್ತಾಯಿತು.

ಬೈಕಿನ ಜೊತೆ ಬಂದ ಹಳೆಯ ಸರ್ವಿಸ್ ಪುಸ್ತಕದಲ್ಲಿ ಮೊದಲಿನ ಮಾಲೀಕನ ನಂಬರ್ ಇತ್ತು. ಮರುದಿನ ಫೋನ್ ಮಾಡಿದೆ. ನಾನು ಯಾರು, ಯಾವ ಗಾಡಿ ಅಂತ ಹೇಳಿದೆ.

"ಬಿದ್ದಾಗ ಹಿಂದೆ ಯಾರಾದರೂ ಇದ್ದರಾ?" ಎಂದು ಕೇಳಿದೆ.

"ನಾ ಒಬ್ಬನ ಇದ್ದೆರಿ," ಎಂದ. ಆಮೇಲೆ ಸಣ್ಣ ದನಿಯಲ್ಲಿ, "ಭಾರ ಆಗತೈತೇನ್ರಿ?" ಎಂದ.

ಹೌದು ಎಂದೆ.

"ಕತ್ತಲಾದ ಮ್ಯಾಲೆ ಆ ಸೀಟ್ ಖಾಲಿ ಇಟ್ಟು ಓಡಸಬ್ಯಾಡ್ರಿ. ಯಾರನ್ನರ ಕುಂದ್ರಿಸ್ಕೊಂಡ ಹೋಗ್ರಿ. ಖಾಲಿ ಕಂಡ್ರ ಕುಂದರತೈತಿ."

"ಏನು ಕೂರುತ್ತದೆ? ಯಾರದು?"

"ಗೊತ್ತಿಲ್ರಿ, ಅಣ್ಣಾರ. ನನಗೆ ಇನ್ನೇನೂ ಕೇಳಬ್ಯಾಡ್ರಿ."

ಫೋನ್ ಇಟ್ಟ. ಆಮೇಲೆ ಎಷ್ಟು ಸಲ ಮಾಡಿದರೂ ಸ್ವಿಚ್ ಆಫ್.

ಬುದ್ಧಿ ಇದ್ದವನು ಅವತ್ತೇ ಆ ಗಾಡಿಯನ್ನು ಗುಜರಿಗೆ ಹಾಕುತ್ತಿದ್ದ. ನಾನು ಮೆಕ್ಯಾನಿಕ್. ನನ್ನ ತಲೆ ಸ್ಪ್ಯಾನರ್ ಹಿಡಿದುಕೊಂಡೇ ಯೋಚಿಸುತ್ತದೆ. ಸೀಟು ಖಾಲಿ ಇದ್ದರೆ ತಾನೇ ಕೂರುವುದು? ಸೀಟೇ ಇಲ್ಲದಿದ್ದರೆ?

ಅರ್ಧ ಗಂಟೆಯ ಕೆಲಸ. ಹಿಂದಿನ ಸೀಟು ಬಿಚ್ಚಿದೆ. ಹಿಂದೆ ಕೂರುವವರು ಕಾಲಿಡುವ ಎರಡೂ ಸ್ಟೆಪ್ ಬಿಚ್ಚಿದೆ. ಸೀಟಿದ್ದ ಜಾಗಕ್ಕೆ ರೇಸ್ ಬೈಕಿಗೆ ಹಾಕುವ ಇಳಿಜಾರಿನ ಪ್ಲಾಸ್ಟಿಕ್ ಕವರ್ ಕೂರಿಸಿದೆ. ನೊಣ ಕೂತರೂ ಜಾರಬೇಕು, ಹಾಗೆ. ಆ ಸಂಜೆ ಮತ್ತೆ ಕಾಟಾಕ್ಕೆ ಒಯ್ದೆ. ಎಪ್ಪತ್ತೈದು. ಏಳು ಗಂಟೆಗೆ ಎಪ್ಪತ್ತೈದು, ಎಂಟಕ್ಕೂ ಎಪ್ಪತ್ತೈದು. ಶಬ್ದ ಇಲ್ಲ, ವಾಸನೆ ಇಲ್ಲ. ಭೂತ ಬಿಡಿಸುವ ಭಟ್ಟರಿಗಿಂತ ನಾನೇ ಮೇಲು ಎಂದು ಬೀಗುತ್ತ ಮನೆಗೆ ಹೋದೆ.

ಮಂಜುಗೆ ಇದಾವುದನ್ನೂ ಹೇಳಲಿಲ್ಲ. ಸಿಂಗಲ್ ಸೀಟು ನೋಡಿ ಅವನು ಕುಣಿದಾಡಿದ.

ಆ ಭಾನುವಾರ ಅವನ ಕೆಲಸದ ದಾರಿಯಲ್ಲೇ ಒಮ್ಮೆ ಓಡಿಸಿ ನೋಡೋಣ ಎಂದು ಹೊರಟೆವು. ಕಾರವಾರ ದಾಟಿ ಕದ್ರಾ ರಸ್ತೆಗೆ ತಿರುಗುವಷ್ಟರಲ್ಲಿ ಕತ್ತಲಾಯಿತು. ಅವನು ಬೈಕಿನಲ್ಲಿ ಮುಂದೆ, ನಾನು ನನ್ನ ಸ್ಕೂಟರಿನಲ್ಲಿ ಹಿಂದೆ. ಎಡಗಡೆ ಕಾಳಿ ನದಿ, ಬಲಗಡೆ ಗುಡ್ಡ. ಒಂದೆರಡು ಕೈಗಾ ಬಸ್ಸುಗಳು ಎದುರು ಬಂದು ಹೋದವು. ಆಮೇಲೆ ರಸ್ತೆ ನಮ್ಮಿಬ್ಬರದೇ.

ನನ್ನ ಕಣ್ಣು ಬೈಕಿನ ಹಿಂದಿನ ಚಕ್ರದ ಮೇಲೇ ಇತ್ತು. ಚೂರೂ ಕುಸಿಯದೆ ಚೆಂದವಾಗಿ ಓಡುತ್ತಿತ್ತು. ಹತ್ತು ಕಿಲೋಮೀಟರ್... ಹದಿನೈದು...

ಒಂದು ತಿರುವಿನಲ್ಲಿ ಅವನ ಬ್ರೇಕ್ ಲೈಟ್ ಹೊತ್ತಿತು. ಬೈಕ್ ನಿಂತೇ ಬಿಟ್ಟಿತು. ರಸ್ತೆಯಲ್ಲಿ ದನವಿಲ್ಲ, ಮನುಷ್ಯರಿಲ್ಲ. ಯಾರನ್ನೋ ಹತ್ತಿಸಿಕೊಳ್ಳಲು ನಿಲ್ಲಿಸುತ್ತಾರಲ್ಲ, ಅಷ್ಟೇ ಹೊತ್ತು ನಿಂತು ಮತ್ತೆ ಹೊರಟಿತು. ಹೊರಟ ಮೇಲೆ ಮಂಜು ನೆಟ್ಟಗೆ ಕೂರಲಿಲ್ಲ. ಮುಂದಕ್ಕೆ ಬಾಗುತ್ತ ಹೋದ... ಇನ್ನೂ ಬಾಗಿದ... ಎದೆ ಟ್ಯಾಂಕಿಗೆ ತಾಗುವವರೆಗೂ.

ಹಾರ್ನ್ ಹೊಡೆದು ಅಡ್ಡ ಹೋಗಿ ನಿಲ್ಲಿಸಿದೆ. ಹೆಲ್ಮೆಟ್ ತೆಗೆದ. ಮುಖದ ತುಂಬ ಬೆವರು.

"ಎಂತ ಆಯ್ತಾ? ಅಲ್ಲಿ ಎಂತಕ್ಕೆ ನಿಲ್ಸಿದ್ದು?"

"ನಾ ನಿಲ್ಸಲೇ ಇಲ್ಲ ಅಣ್ಣಾ." ಉಸಿರು ಎಳೆಯುತ್ತ ಹೇಳಿದ, "ಬೆನ್ನ ಮೇಲೆ ದೊಡ್ಡ ಬ್ಯಾಗ್ ಹಾಕ್ಕಂಡ ಹಾಗೆ ಆಗ್ತದೆ. ಭುಜ ಎಳೀತದೆ."

ಅವನ ಬೆನ್ನ ಮೇಲೆ ಬ್ಯಾಗ್ ಇರಲಿಲ್ಲ.

"ಬಗ್ಗಿ ಕೂತು ಅಭ್ಯಾಸ ಇಲ್ದೆ ಹಂಗಾಗೂದು," ಎಂದೆ. ನನ್ನ ಮಾತು ನನಗೇ ನಂಬಿಕೆ ಬರಲಿಲ್ಲ. ಸ್ಕೂಟರನ್ನು ಅವನ ಕೈಗೆ ಕೊಟ್ಟು ಬೈಕನ್ನು ನಾನು ಹತ್ತಿದೆ. ಬೈಕು ಹೂವಿನಷ್ಟು ಹಗುರ. ಕಾರವಾರದ ಕಡೆ ಹೊರಟೆವು, ಈ ಸಲ ಅವನು ಮುಂದೆ.

ಹೆಡ್‌ಲೈಟಿನ ಬೆಳಕಿನಲ್ಲಿ ನೋಡಿದೆ. ನನ್ನ ಸ್ಕೂಟರಿನ ಹಿಂಭಾಗ ಕುಸಿದಿತ್ತು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರುವಷ್ಟೂ ಜಾಗವಿರಲಿಲ್ಲ. ಗಾಳಿ ಕಡಿಮೆಯಾಗಿರಬೇಕು, ಗಾಳಿಯೇ ಕಡಿಮೆಯಾಗಿರಬೇಕು... ಮನೆ ಮುಟ್ಟುವವರೆಗೂ ಬಾಯಲ್ಲಿ ಅದನ್ನೇ ಹೇಳಿಕೊಳ್ಳುತ್ತ ಬಂದೆ. ಮನೆ ಮುಂದೆ ಒತ್ತಿ ನೋಡಿದರೆ ಟೈರು ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

ಆಯಿ ಬಾಗಿಲು ತೆಗೆದವಳು ಮೂಗು ಹಿಡಿದಳು. "ಒದ್ದೆ ಜರ್ಕಿನ್ ಎಂತಕ್ಕೆ ಒಳಗೆ ತಂದ್ರಿ? ಹೊರಗೆ ಒಣಸೂಕೆ ಹಾಕಿ." ಮಂಜು ಹಾಕಿದ್ದದ್ದು ಬರೀ ಟೀ ಶರ್ಟ್.

ಮರುದಿನ ಮಂಜುಗೆ ರಜೆ. ರಜೆಯ ದಿನ ಅವನು ನಮ್ಮ ಚಿಕ್ಕಪ್ಪನ ಜೊತೆ ದೋಣಿಯಲ್ಲಿ ಮೀನಿನ ಬಲೆ ಎತ್ತಲು ಹೋಗುವುದು ಮೊದಲಿನಿಂದಲೂ ಇದ್ದದ್ದೇ. ಇನ್ನೂ ಬೆಳಕು ಹರಿದಿರಲಿಲ್ಲ. ನಾನೂ ಜೊತೆಗೆ ಹೋದೆ. ಅವನನ್ನು ಒಬ್ಬನೇ ಬಿಡಲು ಮನಸ್ಸಾಗಲಿಲ್ಲ.

ಚಿಕ್ಕಪ್ಪ ದೋಣಿಯ ಮುಂದಿನ ತುದಿಯಲ್ಲಿ ನಮಗೆ ಬೆನ್ನು ಹಾಕಿ ಹಗ್ಗ ಸುತ್ತುತ್ತ ಕೂತಿದ್ದ. ಮಂಜು ಮೊಣಕಾಲುದ್ದ ನೀರಿನಲ್ಲಿ ನಡೆದು ಹೋಗಿ ದೋಣಿ ಹತ್ತಿದ. ಅವನು ಕೂತದ್ದೇ ದೋಣಿಯ ಹಿಂಭಾಗ ದಡಕ್ಕನೆ ತಗ್ಗಿತು. ಅಂಚಿನಿಂದ ನೀರು ಒಳಗೆ ಚೆಲ್ಲಿತು.

ಚಿಕ್ಕಪ್ಪ ತಿರುಗದೆಯೇ ಬೈದ. "ಯಾರನ್ನಾ ಕರ್ಕಂಡ್ ಬಂದದ್ದು? ಇಬ್ರು ಹತ್ತೂದಾದ್ರೆ ಮೊದ್ಲೇ ಹೇಳೂಕೆ ಆಗೂದಿಲ್ವ?"

"ನಾ ಒಬ್ನೇ, ಚಿಕ್ಕಪ್ಪ," ಎಂದ ಮಂಜು.

"ನಂಗೆ ದೋಣಿ ಕಲಿಸ್ಬೇಡ."

ತಿರುಗಿದ. ಮಂಜುವನ್ನು ನೋಡಿದ. ದಂಡೆಯಲ್ಲಿ ನಿಂತ ನನ್ನನ್ನು ನೋಡಿದ. ಆಮೇಲೆ ದೋಣಿಯ ಅಂಚಿಗೆ ಬಂದು ನಿಂತ ನೀರನ್ನು ನೋಡಿದ. "ಇಳಿ ತಮಾ," ಎಂದ. ಬೈಗುಳದ ದನಿ ಹೋಗಿತ್ತು. ಮಂಜು ಇಳಿದ. ದೋಣಿ ಮೇಲಕ್ಕೆ ಎದ್ದಿತು. "ಹತ್ತು." ಹತ್ತಿದ. ಮತ್ತೆ ಅಷ್ಟೇ ತಗ್ಗಿತು.

ಅವನನ್ನು ಇಳಿಸಿ ಚಿಕ್ಕಪ್ಪ ನನ್ನ ಹತ್ತಿರ ಬಂದ. "ಇವನ್ನ ಸಮುದ್ರಕ್ಕೆ ಕಳಸ್ಬೇಡ. ಎಂತ ಮಾಡಿಟ್ಟೆ ನೀನು?" ಎಂದು ಕಿವಿಯಲ್ಲಿ ಕೇಳಿದ. ನಾನು ಮಾಡಿದ್ದು ಇಷ್ಟೇ. ಅದು ಕೂರುತ್ತಿದ್ದ ಜಾಗವನ್ನು ಕಿತ್ತು ಹಾಕಿ, ನನ್ನ ತಮ್ಮನನ್ನು ಕತ್ತಲಿಗೆ ಕಳಿಸಿದ್ದೆ.

ಅವತ್ತೇ ಹೋಗಿ ಹಿಂದಿನ ಸೀಟು ಹಾಕಿದೆ. ಸ್ಟೆಪ್ ಕೂರಿಸಿದೆ. ಪ್ರತಿ ಸಂಜೆ ಬೈಕನ್ನು ಮನೆಯ ಅಂಗಳದಲ್ಲಿ ನಿಲ್ಲಿಸಿ, ಆ ಕ್ರೀಂಚ್ ಶಬ್ದ ಬರಲಿ ದೇವರೇ ಎಂದು ಕಾಯುತ್ತೇನೆ. ಇವತ್ತಿನವರೆಗೂ ಬಂದಿಲ್ಲ. ಸೀಟಿನ ಮೇಲೆ ಈಗ ಧೂಳು ಕೂರುತ್ತದೆ.

ಡಾಕ್ಟರು ಬೆನ್ನಿನ ಎಕ್ಸರೇ ತೆಗೆದು ಏನೂ ಇಲ್ಲ ಎಂದರು. ಹಗಲು ಮಂಜು ಆರಾಮಾಗಿಯೇ ಇರುತ್ತಾನೆ, ಕೆಲಸಕ್ಕೂ ಹೋಗುತ್ತಾನೆ. ಕತ್ತಲಾದರೆ ಗೋಡೆಗೆ ಬೆನ್ನು ತಾಗಿಸಿ ಕೂರುವುದಿಲ್ಲ, ಅಂಗಾತ ಮಲಗುವುದಿಲ್ಲ. ಬೋರಲು ಮಲಗುತ್ತಾನೆ. ನಾನು ಅವನ ಪಕ್ಕದಲ್ಲೇ ಚಾಪೆ ಹಾಕಿಕೊಳ್ಳುತ್ತೇನೆ.

ಕಳೆದ ವಾರ ನಡುರಾತ್ರಿ ಎಚ್ಚರವಾಯಿತು. ಅವನ ಕಣ್ಣು ತೆರೆದಿತ್ತು. ನನಗೆ ತಡೆಯಲಾಗಲಿಲ್ಲ, ಅಳುವೇ ಬಂದುಬಿಟ್ಟಿತು. "ನಂದೇ ತಪ್ಪು, ಮಂಜು. ಬಹಳ ಭಾರ ಆಗ್ತದನಾ?" ಎಂದು ಕೇಳಿದೆ.

ಅವನು ತುಟಿಯ ಮೇಲೆ ಬೆರಳಿಟ್ಟ.

"ಸಣ್ಣಕೆ ಮಾತಾಡು ಅಣ್ಣಾ," ಎಂದ. "ಈಗಷ್ಟೇ ನಿದ್ದೆ ಬಂದದೆ."

ಯಾರಿಗೆ ಎಂದು ನಾನು ಕೇಳಲಿಲ್ಲ.