ಪ್ರಧಾನಿ ಬಂದ ದಿನ ನಮ್ಮ ಗಿರಣಿ ನಡೆದದ್ದು

ಮಾನ್ವಿಯಿಂದ ರಾಯಚೂರಿಗೆ ಹೋಗುವ ರಸ್ತೆಯಲ್ಲಿ, ಊರಿನ ಕೊನೆಯ ಮನೆ ದಾಟಿದ ಮೇಲೆ ಬಲಗಡೆಗೆ ನನ್ನ ಅಜ್ಜನ ಹತ್ತಿ ಗಿರಣಿ ಇತ್ತು. ಅದರ ಗೇಟಿನ ಒಳಗೆ, ತೂಕದ ಕಟ್ಟೆಯ ಪಕ್ಕದಲ್ಲಿ ನಾನು ನಿಂತಿದ್ದೆ. ಸಂಕ್ರಾಂತಿ ಕಳೆದಿತ್ತು. ಬೆಳಗಿನ ಬಿಸಿಲು ತಗಡಿನ ಮೇಲೆ ಇನ್ನೂ ಪೂರ್ತಿ ಏರಿರಲಿಲ್ಲ. ನನಗೆ ಆಗ ಹತ್ತು ವರ್ಷ. ನನ್ನ ಎಡಗೈಯನ್ನು ನನ್ನ ತರಗತಿಯ ಮಲ್ಲಮ್ಮ ಹಿಡಿದುಕೊಂಡಿದ್ದಳು. ಇಷ್ಟನ್ನು ಯಾರು ಕೇಳಿದರೂ ತಡವರಿಸದೆ ಹೇಳಬಲ್ಲೆ. ಉಳಿದದ್ದನ್ನು ನಿಧಾನವಾಗಿ ನೆನಪಿಗೆ ತಂದುಕೊಂಡು ಬರೆಯಬೇಕು.

ಮೊನ್ನೆ ರಾಯಚೂರಿನ ನಮ್ಮ ಓಣಿಗೆ ಗಾದಿ ಹಿಂಜುವವನೊಬ್ಬ ಬಂದಿದ್ದ. ಅಂಥವರು ಈಗ ಅಪರೂಪ. ಎದುರು ಮನೆಯ ಕಟ್ಟೆಯ ಮೇಲೆ ಹಳೆಯ ಗಾದಿಯ ಹೊಲಿಗೆ ಬಿಚ್ಚಿ, ಬಿಲ್ಲಿನ ತಂತಿಯನ್ನು ಮಿಡಿಯತೊಡಗಿದ. ಆ ಸದ್ದಿನ ಹಿಂದೆಯೇ ವಾಸನೆ ಬಂತು. ವರ್ಷಾನುಗಟ್ಟಲೆ ಮೈಯ ಕೆಳಗೆ ಬಿದ್ದ ಹತ್ತಿಗೆ ಒಂದು ವಾಸನೆ ಇರುತ್ತದೆ. ತಲೆಗೆ ಹಚ್ಚಿದ ಎಣ್ಣೆ, ಕೂಸಿನ ಹಾಲು, ಒಲೆಯ ಹೊಗೆ, ಬೆವರು ಎಲ್ಲ ಅದರಲ್ಲಿ ಸೇರಿರುತ್ತವೆ. ನಾನು ಕಿಟಕಿ ಮುಚ್ಚಿ, ಬಹಳ ಹೊತ್ತು ಗೋಡೆಗೆ ಒರಗಿ ಕೂತೆ.

ನಮ್ಮ ಮನೆ ಗಿರಣಿಯ ಕಂಪೌಂಡಿನೊಳಗೇ ಇತ್ತು. ಹತ್ತಿಯ ಕಾಲದಲ್ಲಿ ಅಡುಗೆಮನೆಯ ಡಬ್ಬಿಗಳ ಮೇಲೂ ಬಿಳಿಯ ನಯವಾದ ಧೂಳು ಕೂರುತ್ತಿತ್ತು. ಮಜ್ಜಿಗೆಯಲ್ಲಿ ಎಳೆ ತೇಲುತ್ತಿತ್ತು. ಮನೆ ನಡೆಸುತ್ತಿದ್ದವಳು ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ನನ್ನ ಸೋದರತ್ತೆ ಗುರುಬಸಮ್ಮ. ಹತ್ತಿ ಹಸನು ಮಾಡಲು ಬರುತ್ತಿದ್ದ ಹೆಂಗಸರಿಗೆ ಮುಂದಾಳು ಹನುಮವ್ವ, ಮಲ್ಲಮ್ಮನ ತಾಯಿ. ಎಂಜಿನ್ ನೋಡಿಕೊಳ್ಳುತ್ತಿದ್ದವನು ಮೆಹಬೂಬ್ ಚಾಚಾ. ನಿಮಗೂ ಇಂಥದೊಂದು ಮನೆ ಇದ್ದಿರಬಹುದು. ಹಾಗಿದ್ದರೆ ಅದರ ಸದ್ದುಗಳು ನಿಂತ ದಿನ ಹೇಗಿತ್ತೆಂದು ನಾನು ನಿಮಗೆ ಹೇಳಬೇಕಿಲ್ಲ.

ಆ ಪ್ರಧಾನಿ ಪ್ರಮಾಣವಚನ ತೆಗೆದುಕೊಂಡದ್ದನ್ನು ನಾವು ಪಡಸಾಲೆಯ ರೇಡಿಯೋದಲ್ಲಿ ಕೇಳಿದ್ದೆವು. ಅಜ್ಜ ಅಂದು ಎಲ್ಲರಿಗೂ ಬೆಲ್ಲ ಹಂಚಿದ. ಅದಾದ ಮೇಲಿನ ಮೊದಲ ಹಂಗಾಮಿನಲ್ಲೇ ದೇಶದ ವ್ಯಾಪಾರವೆಲ್ಲ ಕುಸಿಯಿತು. ಹತ್ತಿ ಕೊಳ್ಳುವವರಿಲ್ಲದೆ ರಾಯಚೂರಿನ ದೊಡ್ಡ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸಕ್ಕಿದ್ದ ಹನುಮವ್ವನ ಗಂಡ ತಲೆಯ ಮೇಲೆ ಟ್ರಂಕು ಹೊತ್ತು ಊರಿಗೆ ಬಂದ. ಸಂತೆಯಲ್ಲಿ ಮಾರುವವರು ಕೂತಿರುತ್ತಿದ್ದರು, ಕೊಳ್ಳುವವರು ನೋಡಿಕೊಂಡು ಮುಂದೆ ಹೋಗುತ್ತಿದ್ದರು. ಕೊನೆಗೆ ನಮ್ಮ ಎಂಜಿನ್ನೂ ನಿಂತಿತು. ಅದರ ಹೊಗೆಕೊಳವೆಯಲ್ಲಿ ಗಿಳಿಗಳು ಗೂಡು ಕಟ್ಟಿದವು. ಹನುಮವ್ವ ದಿನವೂ ಬಂದು ಗೇಟಿನ ಹತ್ತಿರ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದಳು. ಯುಗಾದಿಯೊಳಗೆ ಗಿರಣಿ ತೆರೆಯದಿದ್ದರೆ ಮಲ್ಲಮ್ಮನ ಶಾಲೆ ಬಿಡಿಸಿ, ಇಟ್ಟಿಗೆ ಭಟ್ಟಿಯ ಕೆಲಸಕ್ಕೆ ಕರೆದುಕೊಂಡು ಹೋಗುವುದೆಂದು ಅವರ ಮನೆಯಲ್ಲಿ ಮಾತಾಗಿತ್ತು.

ಅದೇ ಚಳಿಗಾಲದಲ್ಲಿ ಪ್ರಧಾನಿ ರಾಯಚೂರಿನಿಂದ ಕಲ್ಲೂರಿನ ಮೇಲಿಂದ ಮಾನ್ವಿಗೆ ಬರುವ ಸುದ್ದಿ ಬಂತು. ಮುಚ್ಚಿದ ಗಿರಣಿಗಳನ್ನು ಕಣ್ಣಾರೆ ನೋಡಿ, ಅವನ್ನು ತೆರೆಸುವ ದಾರಿ ಹುಡುಕುತ್ತಾರೆಂದು ರೇಡಿಯೋದಲ್ಲಿ ಹೇಳಿದರು.

ನಮ್ಮ ಕಡೆ ಒಂದು ರೂಢಿ ಇತ್ತು. ಕೈ ಬರಿದಾದ ವರ್ಷ ಯಾರದಾದರೂ ಮನೆಗೆ ಬೀಗರು ಬರುತ್ತಾರೆಂದರೆ, ಓಣಿಯವರು ತಮ್ಮ ತಮ್ಮ ಜೋಳದ ಚೀಲ ತಂದು ಆ ಮನೆಯ ಪಡಸಾಲೆಯಲ್ಲಿ ಒಟ್ಟುತ್ತಿದ್ದರು. ಬೀಗರು ಆ ಚೀಲಗಳಿಗೆ ಬೆನ್ನು ಆನಿಸಿ ಕೂತು, ಉಂಡು, ಎಲೆಅಡಿಕೆ ಹಾಕಿಕೊಂಡು ಹೋದ ಮೇಲೆ ಚೀಲಗಳು ಅವರವರ ಮನೆಗೆ ಮರಳುತ್ತಿದ್ದವು. ಬೀಗರಿಗೂ ಅದು ತಿಳಿದಿರುತ್ತಿತ್ತು. ಅವರ ಊರಿನಲ್ಲೂ ಹಾಗೆಯೇ ನಡೆಯುತ್ತಿತ್ತು. ಅದನ್ನು ಯಾರೂ ಸುಳ್ಳು ಎನ್ನುತ್ತಿರಲಿಲ್ಲ.

ಅಜ್ಜ ಆ ರೂಢಿಯನ್ನು ದೇಶದ ಪ್ರಧಾನಿಗೂ ಪಾಲಿಸಲು ಹೊರಟ. ಗೇಟಿಗೆ ಸುಣ್ಣ ಹೊಡೆಸಿದ. ಬಂದವರ ಕಣ್ಣಿಗೆ ಬೀಳಲೆಂದು ದೇವದುರ್ಗದ ಸಂಬಂಧಿಕರಿಂದ ಒಂದು ಟ್ರಾಲಿ ಹತ್ತಿ ತರಿಸಿ ಅಂಗಳದಲ್ಲಿ ರಾಶಿ ಹಾಕಿಸಿದ. ಅದನ್ನು ಹಾಗೆಯೇ ಮರಳಿಸಬೇಕಾಗಿದ್ದರಿಂದ ಮುಟ್ಟುವಂತಿರಲಿಲ್ಲ. ಹಾಗಾದರೆ ಹತ್ತಿಯಿಂದ ಕಾಳು ಬಿಡಿಸುವ ಜಿನ್ನು ಯಂತ್ರಕ್ಕೆ ಹಾಕುವುದೇನು? ನಮ್ಮ ಮನೆಯ ಗಾದಿ, ದಿಂಬುಗಳ ಹೊಲಿಗೆ ಬಿಚ್ಚಲು ಹೇಳಿದ.

"ಇವತ್ತ ಮಂದಿ ಬಂದ್ರ ಎಲ್ಲಿ ಮಲಗಸ್ತೀ ಯಪ್ಪಾ, ಜಿನ್ನಿನ ಬಾಯಾಗೇನು?" ಎಂದಳು ಅತ್ತೆ. ಎನ್ನುತ್ತಲೇ ಕತ್ತರಿ ಹಿಡಿದು ಕೂತಳು.

ಮೆಹಬೂಬ್ ಚಾಚಾ ಒಂದು ಹಿಡಿ ಹತ್ತಿ ಎತ್ತಿ ನೋಡಿದ. "ಮಾಲಕ್ರೇ, ಈ ಹತ್ತಿ ಒಮ್ಮೆ ಹಡದು ಹೊರಗ ಬಂದದ. ಮತ್ತ ಕಾಳು ಎಲ್ಲಿಂದ ಹಡೀಬೇಕ್ರೀ?"

"ನೀ ಎಂಜಿನ್ ಚಾಲೂ ಮಾಡೋ. ಬಾಣಂತನ ನಾ ನೋಡ್ಕೋತೀನಿ" ಎಂದ ಅಜ್ಜ. ಎಲ್ಲರೂ ನಕ್ಕರು. ಆ ಅಂಗಳದಲ್ಲಿ ಅಷ್ಟು ದೊಡ್ಡ ನಗು ಕೇಳಿ ತಿಂಗಳುಗಳಾಗಿದ್ದವು.

ನಗದೆ ನಿಂತವಳು ಹನುಮವ್ವ ಒಬ್ಬಳೇ. "ಯಪ್ಪಾ, ಅವರು ನಮ್ಮ ಖಾಲಿ ನೋಡಾಕ ಬರಾಕತ್ಯಾರ. ಖಾಲಿನ ತೋರಸ್ರಿ."

"ಮನಿಗೆ ಬಂದವರ ಮುಂದ ಖಾಲಿ ಗಡಿಗಿ ಇಡತಾರೇನ ಬೇ? ಇಜ್ಜತ್ತು ಅನ್ನೋದು ಒಂದ ಅದ. ಮೊದಲು ಬರಲಿ, ನೀರು ಕುಡೀಲಿ. ಕಷ್ಟ ಆಮ್ಯಾಲ ಹೇಳಿದ್ರಾತು."

ಹನುಮವ್ವ ಗೇಟು ದಾಟಿ ಹೋದಳು. ಸ್ವಲ್ಪ ಹೊತ್ತಿಗೆ ಓಣಿಯ ಹೆಂಗಸರೊಂದಿಗೆ ಮರಳಿ ಬಂದಳು. ಪ್ರತಿಯೊಬ್ಬಳ ಬಗಲಲ್ಲೂ ಒಂದು ದಿಂಬು ಇತ್ತು.

ಎಂಜಿನ್ ಕೆಮ್ಮಿ ಎದ್ದಿತು. ಹೊಗೆಕೊಳವೆಯಿಂದ ಗಿಳಿಗಳು ಚೀರುತ್ತ ಹಾರಿದವು, ಅವುಗಳ ಹಿಂದೆ ಕಪ್ಪು ಹೊಗೆ ಬಂತು. ನಮ್ಮ ಮನೆಯ ನಿದ್ದೆಗಳನ್ನೆಲ್ಲ ಹೊತ್ತಿದ್ದ ಆ ಹತ್ತಿ ಯಂತ್ರದೊಳಗೆ ಹೋಗಿ, ಬೂದುಬಣ್ಣದ ಮೋಡವಾಗಿ ಇನ್ನೊಂದು ಕಡೆ ಬೀಳತೊಡಗಿತು. ಅದನ್ನೇ ಮತ್ತೆ ಬುಟ್ಟಿಯಲ್ಲಿ ತುಂಬಿ ತಂದು ಹಾಕುತ್ತಿದ್ದರು.

ಕಾರುಗಳು ನಮ್ಮ ಗೇಟನ್ನು ದಾಟಿದವು. ಆಮೇಲೆ ನಿಂತು, ಹಿಂದೆ ಸರಿದು ಬಂದವು. ಪ್ರಧಾನಿ ಇಳಿದರು. ಊರಿನ ಗೋಡೆಗಳ ಮೇಲೆ ಅಂಟಿಸಿದ್ದ ಚಿತ್ರದಲ್ಲಿದ್ದಷ್ಟು ಎತ್ತರ ಇರಲಿಲ್ಲ. ಪಾದಗಳು ಬಾತಿದ್ದವು. ಅವರು ಒಳಗೆ ಬಂದು ಯಂತ್ರದ ಸಾಲನ್ನು ನೋಡುತ್ತ ನಿಂತರು. ತೇಲಿ ಬಂದ ಎಳೆಯೊಂದು ಅವರ ರೆಪ್ಪೆಯ ಮೇಲೆ ಕೂತಿತು. ಅದನ್ನು ಅವರು ಒರೆಸಿಕೊಳ್ಳಲಿಲ್ಲ. ಅತ್ತೆ ನೀರು ಕೊಟ್ಟಳು. ಅಜ್ಜ ಕೈ ಮುಗಿದು ನಿಂತಿದ್ದ, ತುಟಿ ಅಲುಗುತ್ತಿತ್ತು. ಹೇಳಬೇಕೆಂದು ಜೋಡಿಸಿಕೊಂಡಿದ್ದ ಮಾತು ಹೊರಗೆ ಬರಲಿಲ್ಲ. ಪ್ರಧಾನಿ ಆಗ ಬುಟ್ಟಿ ಹಿಡಿದಿದ್ದ ಹನುಮವ್ವನ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಜೊತೆಗಿದ್ದ ಅಧಿಕಾರಿ ಅದನ್ನು ಕನ್ನಡದಲ್ಲಿ ಹೇಳಿದ: "ಗಿರಣಿ ದಿನಾಲೂ ನಡೆಯುತ್ತದೆಯೇ ಎಂದು ಕೇಳುತ್ತಿದ್ದಾರೆ."

ನನ್ನ ಕೈಯಲ್ಲಿದ್ದ ಮಲ್ಲಮ್ಮನ ಕೈ ಬಿಗಿಯಾಯಿತು. ಅಜ್ಜ ತಲೆ ತಗ್ಗಿಸಿದ. ಹನುಮವ್ವ ಪ್ರಧಾನಿಯ ಮುಖವನ್ನು ನೋಡಿದಳು. ಬೇರೆ ಯಾರನ್ನೂ ನೋಡಲಿಲ್ಲ.

"ನಡೀತದ್ರೀ" ಎಂದಳು.

ಪ್ರಧಾನಿ ಅವಳ ಹೆಗಲ ಮೇಲೆ ಕೈ ಇಟ್ಟರು. ಕಾರು ಹೋದ ಮೇಲೆ ಚಾಚಾ ಎಂಜಿನ್ ನಿಲ್ಲಿಸಿದ.

ಸಂಜೆ ರಾಯಚೂರಿನ ಸಭೆಯ ಭಾಷಣ ರೇಡಿಯೋದಲ್ಲಿ ಬಂತು. ಮಾನ್ವಿಯ ದಾರಿಯಲ್ಲಿ ಒಂದು ಗಿರಣಿ ನಡೆಯುವುದನ್ನು ಕಂಡೆ, ಅಲ್ಲಿ ದುಡಿಯುವ ತಾಯಿಯೊಬ್ಬಳು ನನಗೆ ಧೈರ್ಯ ಕೊಟ್ಟಳು, ಈ ಕಡೆ ಕೆಟ್ಟ ಕಾಲ ಕಳೆಯುತ್ತಿದೆ ಎಂದರು. ಚೀಲಗಳು ಪಕ್ಕದ ಮನೆಯವೆಂದು ತಿಳಿಯಬಲ್ಲ ಬೀಗರು ಅವರಾಗಿರಲಿಲ್ಲ. ಅಜ್ಜ ರೇಡಿಯೋ ಆರಿಸದೆ ಎದ್ದು ಹೋದ. ಗಿರಣಿ ತೆರೆಸುವ ನೆರವು ಬೇರೆ ಊರುಗಳಿಗೆ ಹೋಯಿತು. ಹನುಮವ್ವನ ಮನೆಯವರು ಯುಗಾದಿಯವರೆಗೆ ಕಾದು, ಮಲ್ಲಮ್ಮನನ್ನು ಕರೆದುಕೊಂಡು ಭಟ್ಟಿಗೆ ಹೊರಟರು. ಹೊರಟ ದಿನ ಅಜ್ಜ ಗೇಟಿನವರೆಗೆ ಬಂದ. ಹನುಮವ್ವ ಅವನ ಪಾದ ಮುಟ್ಟಿದಳು.

ಮುಂದಿನ ಚುನಾವಣೆಯಲ್ಲಿ ಆ ಪ್ರಧಾನಿ ಸೋತರು. ಹೊಟ್ಟೆಗಿಲ್ಲದವರ ಮುಂದೆ ಒಳ್ಳೆಯ ಕಾಲ ಬಂತೆಂದು ಹೇಳಿದ್ದೇ ಅವರಿಗೆ ಮುಳುವಾಯಿತು ಎಂದು ಸಂತೆಯಲ್ಲಿ ಜನ ಆಡಿಕೊಂಡರು. ಅಜ್ಜ ಆ ಮಾತನ್ನು ಕೇಳಿಸಿಕೊಂಡು ಮನೆಗೆ ಬಂದ. "ಅವರಿಗೆ ಯಾರು ಹೇಳಿದ್ರು ಒಳ್ಳೇ ಕಾಲ ಅಂತ? ನಾವ ಹೇಳಿದ್ವಿ" ಎಂದ. ಇಡೀ ದೇಶಕ್ಕೆ ತಾನೇ ಸುಳ್ಳು ಹೇಳಿದೆನೆಂಬ ನಂಬಿಕೆ ಅವನನ್ನು ಬಿಡಲಿಲ್ಲ. ಯಂತ್ರಗಳನ್ನು ಗುಜರಿಯವರು ಒಯ್ದ ಮರುವರ್ಷ ಅವನು ತೀರಿಕೊಂಡ. ಈಗ ಆ ಜಾಗದಲ್ಲಿ ಪ್ಲಾಟುಗಳಾಗಿವೆ. ತೂಕದ ಕಟ್ಟೆ ಇದ್ದ ಕಡೆ ಯಾರದೋ ಮನೆಯ ಸ್ನಾನದ ಕೋಣೆ ಇದೆ.

ಗಾದಿ ಹಿಂಜುವವನು ಹೋದ ಮರುದಿನ ನಾನು ದೇವದುರ್ಗಕ್ಕೆ ಹೋದೆ. ಹನುಮವ್ವ ಅಲ್ಲಿ ಮಗಳ ಮನೆಯಲ್ಲಿದ್ದಾಳೆ. ಭಟ್ಟಿಯಿಂದ ಬಂದ ಮೇಲೆ ಮತ್ತೆ ಓದು ಹಿಡಿದ ಮಲ್ಲಮ್ಮ ಅಲ್ಲಿ ಅಂಗನವಾಡಿ ನಡೆಸುತ್ತಾಳೆ. ಅಜ್ಜನ ಮರ್ಯಾದೆಗಾಗಿ ಹಾಗೆ ಹೇಳಿದೆಯಾ ಎಂದು ಹನುಮವ್ವನನ್ನು ಕೇಳಿದೆ.

"ಇಲ್ಲ ಯವ್ವಾ. ಆ ಪ್ರಧಾನಿ ಮಾರಿ ನೀ ನೋಡಲಿಲ್ಲೇನು? ಹೆಣದ ಮನಿಯಿಂದ ಹೆಣದ ಮನಿಗೆ ತಿರಗಿ ಬಂದವರ ಮಾರಿ ಇದ್ದಂಗಿತ್ತು. ಒಂದ ಮನ್ಯಾಗರ ಒಲಿ ಹತ್ತ್ಯಾದೇನು ಅಂತ ಕೇಳಿದಂಗಿತ್ತು. ಇಲ್ಲ ಅನ್ನಾಕ ನನಗ ಬಾಯಿ ಬರಲಿಲ್ಲ."

ಪಕ್ಕದಲ್ಲಿ ಕೂತಿದ್ದ ಮಲ್ಲಮ್ಮ ಎದ್ದು ಒಳಗೆ ಹೋದಳು. ಚಹಾ ತರಲು ಹೋದಳೆಂದುಕೊಂಡೆ. ಬಹಳ ಹೊತ್ತು ಅವಳು ಬರಲಿಲ್ಲ.

ಅಂದಿನ ಭಾಷಣ ಎಲ್ಲಾದರೂ ಉಳಿದಿರಬಹುದು. ನಿಜ ಕಂಡ ನಾವೆಲ್ಲ ತೀರಿಕೊಂಡ ಮೇಲೆ ಆ ಗಿರಣಿ ಅಂದು ನಿಜವಾಗಿಯೂ ನಡೆದಿತ್ತೆಂದೇ ಆಗುತ್ತದೆ. ಮೆಹಬೂಬ್ ಚಾಚಾ ಇಲ್ಲ. ದಿಂಬು ಹೊತ್ತು ತಂದ ಹೆಂಗಸರಲ್ಲಿ ಹೆಚ್ಚಿನವರು ಇಲ್ಲ, ಕೆಲವರ ಸುದ್ದಿಯೇ ಇಲ್ಲ. ಅಂದು ಅಲ್ಲಿ ನಿಂತು ನೋಡಿದವರಲ್ಲಿ ಇಂದು ಇದ್ದಾರೆಂದು ನಾನು ಖಚಿತವಾಗಿ ಹೇಳಬಲ್ಲವರು ಇವರು: ದೇವದುರ್ಗದಲ್ಲಿ ಹನುಮವ್ವ, ಅವಳ ಮಗಳು ಮಲ್ಲಮ್ಮ, ರಾಯಚೂರಿನಲ್ಲಿ ಹಾಸಿಗೆ ಹಿಡಿದಿರುವ, ನನ್ನನ್ನು ಕೆಲವೊಮ್ಮೆ ಮಾತ್ರ ಗುರುತಿಸುವ ನನ್ನ ಅತ್ತೆ ಗುರುಬಸಮ್ಮ, ಮತ್ತೆ ನಾನು.