ಫೋಟೋದ ರವಾ ಹಸನು ಮಾಡುವ ಮಹಾನಂದಾ

ಅಣ್ಣಿಗೇರಿ ಬಸ್ ನಿಲ್ದಾಣದ ಎದುರಿನ ಚಹಾದ ಒಲೆ ಇನ್ನೂ ಹೊತ್ತಿಲ್ಲ. ಬಾಬಾಸಾಬನ ಫೋಟೋ ಸ್ಟುಡಿಯೋದ ಶಟರ್ ಮಾತ್ರ ಅರ್ಧಕ್ಕೆ ಎದ್ದಿದೆ. ಒಳಗೆ ಮಹಾನಂದಾ ಕಂಪ್ಯೂಟರಿನ ಗುಂಡಿ ಒತ್ತಿ, ಕಸ ಹೊಡೆದು, ಬಾಗಿಲಿಗೆ ನೀರು ಹಾಕಿ ಬಂದು ನೋಡುತ್ತಾಳೆ. ಅದಿನ್ನೂ ಕಣ್ಣು ಬಿಟ್ಟಿಲ್ಲ. ಅದು ಏಳುವಷ್ಟರಲ್ಲಿ ಎಮ್ಮೆಯೊಂದು ಗಬ್ಬಾಗಿ, ಕರು ಹಾಕಿ, ಆ ಕರುವೂ ಹಾಲು ಕೊಡಲು ಶುರು ಮಾಡಬಹುದು.

ಶಟರಿನ ಕೆಳಗಿನಿಂದ ಮೊದಲು ಒಂದು ಕೋಲು ಒಳಗೆ ಬರುತ್ತದೆ, ಅದರ ಹಿಂದೆ ಶಲವಡಿಯ ಮೈಲಾರವ್ವ. ಕೈಯಲ್ಲಿ ನಿನ್ನೆ ಇಲ್ಲೇ ಮಾಡಿಸಿ, ಅವಸರದಲ್ಲಿ ಸರಿಯಾಗಿ ನೋಡದೆ ಒಯ್ದ 'ಕಾಣೆಯಾಗಿದ್ದಾರೆ' ಪೋಸ್ಟರು. ಕಾಣೆಯಾದವಳು ಅವಳ ಅಕ್ಕ ಹನಮವ್ವ. ಹುಟ್ಟಿದಾಗಿನಿಂದ ಕಿವಿ ಕೇಳದು, ಮಾತು ಬಾರದು, ಓದು ಬರಹವೂ ಇಲ್ಲ. ಮೊನ್ನೆ ಹುಬ್ಬಳ್ಳಿ ರೈಲು ನಿಲ್ದಾಣದ ಗದ್ದಲದಲ್ಲಿ ತಂಗಿಯ ಕೈ ತಪ್ಪಿದವಳು ಯಾವ ಗಾಡಿ ಹತ್ತಿದಳೋ ಯಾರಿಗೂ ಗೊತ್ತಿಲ್ಲ. ಯಾರಾದರೂ ಊರು ಕೇಳಿದರೆ ಹೇಳಲಾರಳು. ಅವಳ ಗುರುತೆಂದರೆ ಅವಳ ಮುಖ ಒಂದೇ.

"ಲೇ ಮಹಾನಂದಾ, ಇಕಾ ನೋಡಿಲ್ಲೆ. ಯಾರ ಮಗಳಬೇ ಈಕಿ?"

"ನಿಮ್ಮಕ್ಕ ಅಲ್ಲೇನ ಬೇ ಆಯಿ?"

"ನಮ್ಮಕ್ಕನ? ಇಷ್ಟ ಚೆಂದ ಇದ್ದಿದ್ರ ನಾಳೆನ ವರ ಬರ್ತಿದ್ದ! ನಾ ಅಕ್ಕನ್ನ ಹುಡುಕಾಕ ಹೊಂಟೇನೋ, ಅಕ್ಕಗ ಗಂಡನ್ನ ಹುಡುಕಾಕ ಹೊಂಟೇನೋ? ಗದ್ದದ ಮ್ಯಾಲಿನ ಹಚ್ಚಿಬೊಟ್ಟು ಎಲ್ಲಿ ನುಂಗಿದಿ?"

ನಗಿಸಲೆಂದೇ ಹೇಳಿದ ಮಾತು, ಆದರೆ ಹೇಳಿದವಳ ದನಿಯೇ ಕೊನೆಗೆ ಒಡೆಯುತ್ತದೆ. ಮಹಾನಂದಾ ಪೋಸ್ಟರನ್ನು ಬೆಳಕಿಗೆ ಹಿಡಿಯುತ್ತಾಳೆ. ಗದ್ದ ಆಗಷ್ಟೇ ಸಾರಿಸಿದ ಕಟ್ಟೆಯಂತೆ ನುಣ್ಣಗಿದೆ.

ಮಹಾನಂದಾ ಮಾಡುವ ಕೆಲಸಕ್ಕೆ ಊರಿನಲ್ಲಿ ಹೆಸರಿಲ್ಲ. ಫೋಟೋ ತೆಗೆದವನ ಹೆಸರು ಫೋಟೋದ ಕೆಳಗೆ ಬರುತ್ತದೆ, ಕಟ್ಟು ಹಾಕಿದವನ ಚೀಟಿ ಹಿಂದೆ ಅಂಟಿರುತ್ತದೆ. ನಡುವೆ ಇವಳೊಬ್ಬಳು ಇರುವುದು ಯಾರಿಗೂ ತಿಳಿಯುವುದಿಲ್ಲ. ಕತ್ತಲಲ್ಲಿ ಮೊಬೈಲು ಹಿಡಿದು ತೆಗೆದ ಫೋಟೋದ ತುಂಬ ಕೆಂಪು, ಹಸಿರು, ಕಪ್ಪು ಚುಕ್ಕಿಗಳು ಚೆಲ್ಲಿಕೊಂಡಿರುತ್ತವೆ. ದೊಡ್ಡದು ಮಾಡಿದಷ್ಟೂ ಅವು ಎದ್ದು ಕುಣಿಯುತ್ತವೆ. ಅವನ್ನು ತೆಗೆಯುವುದೇ ಇವಳ ಕೆಲಸ. ಕಂಪ್ಯೂಟರಿನವರು ಆ ಚುಕ್ಕಿಗಳಿಗೆ ನಾಯ್ಸ್ ಎನ್ನುತ್ತಾರೆ. ಮಹಾನಂದಾ ರವಾ ಎನ್ನುತ್ತಾಳೆ. ಪೇಪರಿಗೆ ಬರೆಯಲು ಬಂದವರಿಗೂ ಹಾಗೇ ಹೇಳುತ್ತಾಳೆ.

"ನಾಯ್ಸ್ ಅಂದ್ರ ಗದ್ದಲ ಅಂತ್ರಿ. ಫೋಟೋದಾಗ ಎಲ್ಲೀದು ಗದ್ದಲ? ನನಗ ಅಗದಿ ರವಾ ಚೆಲ್ಲಿದ್ಹಂಗ ಕಾಣ್ತೈತಿ ನೋಡ್ರಿ. ಅದನ್ನ ಹಸನ ಮಾಡತೇನಿ, ಅಷ್ಟ."

ಹಸನು ಮಾಡುವುದು ಅವಳ ಹಳೆಯ ಕೂಲಿ. ಮೊದಲು ಅಡತಿ ಅಂಗಡಿಯಲ್ಲಿ ಕಡಲೆ, ಹೆಸರು ಕೇರಿ ಕಲ್ಲು ಆರಿಸುತ್ತಿದ್ದಳು. ಅವಳ ಕೈಯಲ್ಲಿ ಮೊರ ಕಂಡರೆ ಕಲ್ಲುಗಳು ತಾವೇ ಎದ್ದು ಹೊರಗೆ ನಡೆಯುತ್ತಿದ್ದವಂತೆ! ದೂಳಿಗೆ ಕೆಮ್ಮು ಹತ್ತಿ, ಉಸಿರು ಸಿಳ್ಳೆ ಹೊಡೆಯತೊಡಗಿದಾಗ ಆ ಕೆಲಸ ಬಿಟ್ಟಳು. "ಕಲ್ಲು ಆರ್ಸೋ ಕಣ್ಣು ಸುಮ್ನ ಮನ್ಯಾಗ ಯಾಕ ಕುಂದರಬೇಕು, ಬಾರವಾ" ಎಂದು ಬಾಬಾಸಾಬ ಕರೆತಂದು ಕಂಪ್ಯೂಟರಿನ ಮುಂದೆ ಕೂರಿಸಿದ. ಈಗ ಕೆಮ್ಮಿಲ್ಲ, ಕುತ್ತಿಗೆ ಹಿಡಿಯುತ್ತದೆ, ಸಂಜೆಗೆ ಕಣ್ಣಲ್ಲಿ ನೀರು. ಮದುವೆಯ ಸುಗ್ಗಿಯಲ್ಲಿ ದಿನಕ್ಕೆ ಎಪ್ಪತ್ತು ಎಂಬತ್ತು ಮುಖ ಹಸನಾಗಬೇಕು. ಎಲ್ಲರಿಗೂ ಬೆಣ್ಣೆಯಂಥ ಮುಖವೇ ಬೇಕು. ಬೀಗತಿಯರಿಗಂತೂ ಹುಟ್ಟುವಾಗ ಇದ್ದುದಕ್ಕಿಂತ ನುಣ್ಣಗೆ ಬೇಕು.

ಆ ಚಾಳಿಯೇ ನಿನ್ನೆ ಕೈ ಕೊಟ್ಟಿದೆ. ಹನಮವ್ವನದು ಇರುವುದೊಂದೇ ಫೋಟೋ. ಮನೆಯಲ್ಲಿ ಕುಬಸದ, ಅಂದರೆ ಸೀಮಂತದ ದಿನ ಕರೆಂಟು ಹೋಗಿದ್ದಾಗ ದೀಪದ ಬೆಳಕಿನಲ್ಲಿ ತೆಗೆದದ್ದು. ಅದರಲ್ಲೂ ಆಕೆ ಹಿಂದಿನ ಸಾಲಿನಲ್ಲಿ, ಕಡಲೆ ಕಾಳಿನಷ್ಟು ಮುಖ. ದೊಡ್ಡದು ಮಾಡಿದರೆ ರವೆಯ ಚೀಲವೇ ಒಡೆದಂತಿತ್ತು. ಮಹಾನಂದಾ ಬೀಗತಿಯರಿಗೆ ಮಾಡುವ ಹಾಗೆಯೇ ತಿಕ್ಕಿದಳು. ಗದ್ದದ ಮೇಲೆ ಉಳಿದ ಮೂರು ಕಪ್ಪು ಚುಕ್ಕಿಗಳನ್ನು ಒಂದೊಂದಾಗಿ ಆರಿಸಿ ತೆಗೆದಳು.

"ನನ್ನ ಕೈಯಾರೆ ತಗದೇನ್ರಿ. ಕಲ್ಲು ಅಂತ ಹೇಳಿ ಕಾಳು ಚೆಲ್ಲಿದೆ."

ಬಾಬಾಸಾಬನ ಗೆಳೆಯರು ಆ ಪೋಸ್ಟರನ್ನು ನಿನ್ನೆಯೇ ಹುಬ್ಬಳ್ಳಿ, ಧಾರವಾಡ, ಅಳ್ನಾವರದ ನಿಲ್ದಾಣಗಳ ಗೋಡೆಗೆ ಅಂಟಿಸಿದ್ದಾರೆ. ಹಲ್ಲುಜ್ಜುತ್ತಲೇ ಬಂದ ಬಾಬಾಸಾಬ ವಿಷಯ ಕೇಳಿ ಬಾಯಿ ಮುಕ್ಕಳಿಸುವುದನ್ನೂ ಮರೆಯುತ್ತಾನೆ. "ಅಳ್ನಾವರದಾಗ ಗೋವಾ ಗಾಡಿ ಹತ್ತಿದ್ಲಂದ್ರ ಮುಗೀತವಾ. ಮುಂದ ಅಡವಿ, ಅದರ ಮುಂದ ಬ್ಯಾರೇ ಸೀಮಿ. ಜಲ್ದಿ ಮಾಡು."

ಮಹಾನಂದಾ ಮೂಲ ಫೋಟೋ ತೆರೆಯುತ್ತಾಳೆ. ಮೊದಲು ಬಣ್ಣದ ರವಾ ಮಾತ್ರ ತೆಗೆಯುತ್ತಾಳೆ, ಅದರಿಂದ ಮುಖ ಅಷ್ಟಾಗಿ ಕೆಡುವುದಿಲ್ಲ. ಹಿಂದಿನ ಗೋಡೆ, ಬಾಜೂದವರ ಸೀರೆ, ಅವನ್ನು ಚೆನ್ನಾಗಿ ತಿಕ್ಕುತ್ತಾಳೆ. ಮುಖದ ಹತ್ತಿರ ಬಂದಾಗ ಕೈ ನಿಲ್ಲುತ್ತದೆ. ಗದ್ದದ ಮೇಲೆ ನೂರು ಕಪ್ಪು ಚುಕ್ಕಿಗಳಿವೆ. ಹಚ್ಚೆ ಯಾವುದು, ರವಾ ಯಾವುದು?

ಆಗಲೇ ಕರೆಂಟು ಹೋಗುತ್ತದೆ. ಮೇಜಿನ ಕೆಳಗಿನ ಬ್ಯಾಟರಿ ಪೆಟ್ಟಿಗೆ ಕುಂಯ್ ಕುಂಯ್ ಎಂದು ಅಳತೊಡಗುತ್ತದೆ. ಇನ್ನು ಒಂದು ಎಲೆ ಅಡಿಕೆ ಜಗಿದು ಉಗಿಯುವಷ್ಟು ಹೊತ್ತು ಮಾತ್ರ ಅದರ ಪ್ರಾಣ.

"ಏನ್ ನೋಡ್ಕೋತ ಕುಂತೀಬೇ, ಮಾಡ!" ಮೈಲಾರವ್ವ ಕೋಲು ಕುಟ್ಟುತ್ತಾಳೆ.

ಮಹಾನಂದಾ ಕುರ್ಚಿ ಬಿಟ್ಟು ಏಳುತ್ತಾಳೆ. ಹಿಂದೆ ಹಿಂದೆ ಸರಿದು ಶಟರಿಗೆ ಬೆನ್ನು ಹಚ್ಚಿ ನಿಲ್ಲುತ್ತಾಳೆ. ಅಡತಿಯಲ್ಲಿ ಕಾಳಿನ ರಾಶಿಯನ್ನು ದೂರ ನಿಂತು ನೋಡುತ್ತಿದ್ದಳಲ್ಲ, ಹಾಗೆ ಕಣ್ಣು ಕಿರಿದು ಮಾಡಿ ನೋಡುತ್ತಾಳೆ. ದೂರದಿಂದ ರವಾ ಒಂದರಲ್ಲೊಂದು ಕರಗುತ್ತದೆ. ಮೂರು ಚುಕ್ಕಿ ಮಾತ್ರ ಕರಗದೆ ನಿಲ್ಲುತ್ತವೆ.

"ಅಕಾ ಅಲ್ಲೆ! ಅವ ಅಲ್ಲೇನ ಬೇ ಆಯಿ?"

"ಹೌದವ್ವಾ, ಅವ! ನಮ್ಮವ್ವ ಎದುರು ನಿಂತು ಹಾಕಿಸಿದ್ದು."

ಆ ಮೂರನ್ನು ಮುಟ್ಟದೆ, ಮುಖದ ಸುಕ್ಕನ್ನೂ ಮುಟ್ಟದೆ, ಕೆನ್ನೆ ಹಣೆಗಳನ್ನು ಮಾತ್ರ ಮೆತ್ತಗೆ ಸವರುತ್ತಾಳೆ. ರವಾ ಇನ್ನೂ ಉಳಿದಿದೆ. ಇರಲಿ ಎಂದು ಬಿಡುತ್ತಾಳೆ. ವಾಯರು ಚುಚ್ಚಿ ಬಾಬಾಸಾಬನ ಮೊಬೈಲಿಗೆ ಫೋಟೋ ಇಳಿಸುತ್ತಾಳೆ. ಅದು ಪೂರ್ತಿ ಇಳಿದದ್ದೇ ತಡ, ಪೆಟ್ಟಿಗೆಯ ಅಳು ನಿಂತು ಪರದೆ ಕಪ್ಪಾಗುತ್ತದೆ. ಬಾಬಾಸಾಬ ಮೂರೂ ಊರಿನ ಗೆಳೆಯರಿಗೆ ಫೋಟೋ ಕಳಿಸುತ್ತಾನೆ.

ಮೂವರೂ ಮೊಬೈಲನ್ನೇ ನೋಡುತ್ತ ಕೂರುತ್ತಾರೆ. ಚಹಾ ಬಂದು ಆರುತ್ತದೆ. ಮೈಲಾರವ್ವ ಅದನ್ನು ಮುಟ್ಟದೆ ಕೋಲಿನ ತುದಿ ಕುಟ್ಟುತ್ತಲೇ ಇರುತ್ತಾಳೆ.

ಫೋನು ಬರುವುದು ಅಳ್ನಾವರದಿಂದ. ಅಲ್ಲಿನ ಗೆಳೆಯ ತೋರಿಸಿದ ಹೊಸ ಫೋಟೋ ನೋಡಿದ, ನಿಲ್ದಾಣದ ಹೊರಗೆ ಚಹಾ ಮಾರುವ ಜಮಾಲಬಿಯ ದನಿ, ಅಂಗಡಿಯ ಹೊರಗೂ ಕೇಳುವಷ್ಟು ದೊಡ್ಡದು.

"ಅಯ್ಯ ನಮ್ಮವ್ವಾ, ಈಕಿ ನಿನ್ನಿಯಿಂದ ನನ್ನ ಬಾಕಿನ ಮ್ಯಾಲನ ಕುಂತಾಳಲ್ಲ! ಆ ಪೋಸ್ಟರಿನ ಬುಡಕ! ಪಾಪ, ಮಗಳನ್ನ ಕಳ್ಕೊಂಡು ಕುಂತಾಳಂತ ತಿಳಿದು ನಾ ಬನ್ ತಿನಿಸಿ ಸಮಾಧಾನ ಮಾಡಾಕ್ಹತ್ತೇನಿ. ಈಗಷ್ಟ ಗಾಡಿ ಹತ್ತಾಕ ಎದ್ದಿದ್ಲು, ಸೆರಗು ಹಿಡಿದು ಕುಂದರಿಸೇನಿ."

ಮೈಲಾರವ್ವ ಅಳುತ್ತಾಳೋ ನಗುತ್ತಾಳೋ ತಿಳಿಯುವುದಿಲ್ಲ. ಮಹಾನಂದಾ ಮೇಜಿನ ಮೇಲೆ ತಲೆ ಇಟ್ಟು ಕೂರುತ್ತಾಳೆ.

ಮರುದಿನ ಬೆಳಿಗ್ಗೆ ಹನಮವ್ವ ತಾನೇ ಸ್ಟುಡಿಯೋಕ್ಕೆ ಬಂದಿದ್ದಾಳೆ. ತಂಗಿ ಅವಳ ಕೈಯನ್ನು ಹಗ್ಗ ಕಟ್ಟಿದಂತೆ ಹಿಡಿದಿದ್ದಾಳೆ. ಹಳೆಯ ಪೋಸ್ಟರನ್ನೂ ಹೊಸ ಫೋಟೋದ ಅಚ್ಚನ್ನೂ ಮುಂದಿಟ್ಟರೆ ಹನಮವ್ವ ನುಣ್ಣನೆಯದನ್ನೇ ಎತ್ತಿಕೊಂಡು, ಕೆನ್ನೆ ಸವರಿಕೊಂಡು, ಬೊಚ್ಚು ಬಾಯಿ ತೆರೆದು ನಗುತ್ತಾಳೆ. "ನೋಡ, ವರ ಬೇಕಂತ ಮುದುಕಿಗೆ!" ಎಂದು ಮೈಲಾರವ್ವ ತಿವಿಯುತ್ತಾಳೆ. ಮಹಾನಂದಾ ಆ ಪೋಸ್ಟರು ಇಸಕೊಂಡು, ಗದ್ದದ ಮೇಲೆ ಪೆನ್ನಿನಿಂದ ಮೂರು ಚುಕ್ಕಿ ಇಟ್ಟು ತಿರುಗಿ ಕೊಡುತ್ತಾಳೆ.

ಬಳಿಕ ಹನಮವ್ವನನ್ನು ಹೊಸ್ತಿಲ ಬಳಿ, ಎಳೆಬಿಸಿಲಿಗೆ ಮುಖ ಮಾಡಿ ಕೂರಿಸುತ್ತಾಳೆ. ಬಾಬಾಸಾಬ ಕ್ಯಾಮೆರಾ ಎತ್ತುತ್ತಾನೆ. ಈ ಫೋಟೋಕ್ಕೆ ಹಸನು ಬೇಕಾಗುವುದಿಲ್ಲ.

"ಪೇಪರಿನ್ಯಾಗ ನನ್ನ ಹೆಸರ ಇರಲಿಲ್ಲಂದ್ರೂ ನಡೀತೈತ್ರಿ," ಎನ್ನುತ್ತಾಳೆ ಮಹಾನಂದಾ. "ಮನ್ಯಾಗಿನ ಹಿರ್ಯಾರನ್ನ ಹಿಂದಿನ ಸಾಲಿನ್ಯಾಗ, ಕತ್ತಲದಾಗ ನಿಂದರಿಸಬ್ಯಾಡ್ರಿ ಅಂತ ಬರೀರಿ. ಬಾಗಲದಾಗ, ಬೆಳಕಿಗೆ ಕುಂದರಿಸಿ ಒಂದ ಫೋಟೋ ತಗೀರಿ. ರವಾ ಬಿದ್ರ ನಾ ತಗೀತೇನ್ರಿ. ಇಲ್ಲದ ಮುಖ ಎಲ್ಲಿಂದ ತರ್ಲಿ?"